ದೊರೆಯ ಹೊಟ್ಟೆಯೊಳಗಿನವರು

ಜನವರಿ ೯

ಪ್ರೀತಿಯ ಅತ್ತಿಗೆಗೆ,

ಒಂದೂವರೆ ವರ್ಷದಿಂದ ನಾವಿಬ್ಬರೂ ಫೋನಿನಲ್ಲಿ "ಹೂಂ", "ಸರಿ", "ಇಡ್ಲಾ" ಎಂಬ ಮೂರು ಮಾತುಗಳಲ್ಲೇ ಕಾಲ ತಳ್ಳುತ್ತಿದ್ದೇವೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದಕ್ಕೆ ಹೂಂಗುಟ್ಟಲು ಬರುವುದಿಲ್ಲ.

ಜೊತೆಗಿರುವ ಪುಟ್ಟ ಡಬ್ಬಿ ನೋಡಿ ಗಾಬರಿಯಾಗಬೇಡಿ. ನಮ್ಮ ಲ್ಯಾಬಿನಲ್ಲಿ ಈಗ ಆರೋಗ್ಯವಂತ ನಾಯಿಗಳ ಹೊಟ್ಟೆಯೊಳಗೆ ಇಣುಕುತ್ತಿದ್ದೇವೆ. ಕಾಯಿಲೆಯ ನಾಯಿಯನ್ನು ಎಲ್ಲರೂ ನೋಡುತ್ತಾರೆ. ಚೆನ್ನಾಗಿ ತಿಂದು, ಚೆನ್ನಾಗಿ ಮಲಗಿ, ಬಾಲ ಅಲ್ಲಾಡಿಸಿಕೊಂಡಿರುವ ನಾಯಿಯ ಕರುಳಿನಲ್ಲಿ ಯಾರ್ಯಾರು ಬಾಡಿಗೆಗಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಇನ್ನೂರು ನಾಯಿ ಬೇಕಿತ್ತು, ಹನ್ನೊಂದು ಕಡಿಮೆ ಬಿದ್ದಿವೆ. ನಮ್ಮ ದೊರೆಯದೂ ಒಂದಿರಲಿ ಅನ್ನಿಸಿತು.

ಡಬ್ಬಿಯ ಮುಚ್ಚಳಕ್ಕೇ ಚಮಚ ಅಂಟಿಕೊಂಡಿದೆ. ಬೆಳಿಗ್ಗೆ ದೊರೆ ತನ್ನ ಕೆಲಸ ಮುಗಿಸಿದ ಮೇಲೆ ಒಂದು ಚಮಚ ಸಾಕು. ನೀವು ಮುಟ್ಟಬೇಡಿ, ಕೆಳಮನೆಯ ಬಡಗಿಯ ಕೈಲಿ ತೆಗೆಸಿ. ಕೈಗವಸು ಇಟ್ಟಿದ್ದೇನೆ.

ಔಷಧಿ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಿ ತಾನೆ? ಮೋಡ ಕವಿದ ದಿನ ನನ್ನ ಎಡಗಡೆಯ ಹೊಲಿಗೆ ಒಂದಿಷ್ಟು ಜುಮ್ಮೆನ್ನುತ್ತದೆ. ನಿಮ್ಮ ಮನೆ ಸೇರಿರುವ ನನ್ನ ಕಿಡ್ನಿಯನ್ನು ಕೇಳಿದೆನೆಂದು ಹೇಳಿ.

ನಿಮ್ಮ
ಚಿಕ್ಕವನು

*

ಜನವರಿ ೨೪

ಚಿಕ್ಕವನಿಗೆ ಆಶೀರ್ವಾದ.

ಮೈದುನನ ಕಾಗದ ಬಂತು ಎಂದು ಕಣ್ಣೊರೆಸಿಕೊಂಡು ತೆರೆದರೆ ಮಲದ ಡಬ್ಬಿ! ನಿನ್ನ ಅಣ್ಣ ಇದ್ದಿದ್ದರೆ ಇದನ್ನು ಹಿಡಿದುಕೊಂಡು ಬಸ್ ಡಿಪೋದಲ್ಲಿ ಎಲ್ಲ ಡ್ರೈವರುಗಳಿಗೂ ತೋರಿಸಿ ಬರುತ್ತಿದ್ದರು.

ನಾನು ಚೆನ್ನಾಗಿದ್ದೇನೆ. ಒಂದು ನಾಟಕಶಾಲೆಗೆ ಪರದೆ ಹೊಲಿಯುತ್ತಿದ್ದೇನೆ. ನವಿಲು ಬಣ್ಣದ ಮಖಮಲ್ಲು, ನಲವತ್ತು ಅಡಿ ಉದ್ದ. ಮನೆಯ ಎಲ್ಲ ಕೋಣೆಗಳಲ್ಲೂ ಅದೇ ಹರಡಿಕೊಂಡಿದೆ. ಬೆಳಗಿನ ಬಿಸಿಲು ಬಿದ್ದಾಗ ಗೋಡೆಗಳೂ ನೀಲಿಯಾಗುತ್ತವೆ. ದೊರೆ ಕತ್ತರಿಸುವ ಮೇಜಿನ ಕೆಳಗೆ ಚಿಂದಿಯ ಗುಡ್ಡೆಯಲ್ಲಿ ಮಲಗಿರುತ್ತಾನೆ. ಹನ್ನೊಂದು ವರ್ಷ ಆಯಿತಲ್ಲ, ಈಗ ಅವನಿಗೆ ಕತ್ತರಿಯ ಸದ್ದು ಕೇಳಿಸದಿದ್ದರೆ ನಿದ್ದೆ ಬರುವುದಿಲ್ಲ.

ನಿನಗೊಂದು ಮಾತು ಹೇಳಬೇಕು, ನಗಬೇಡ. ಆಪರೇಷನ್ ಆದಾಗಿನಿಂದ ಮಧ್ಯಾಹ್ನ ಔಷಧಿ ತೆಗೆದುಕೊಂಡು ಕಣ್ಣು ಮುಚ್ಚಿದರೆ ನನಗೆ ಒಂದೇ ಕನಸು. ಉದ್ದನೆಯ ಕೋಣೆ, ನೀಲಿ ಬೆಳಕು, ಸಾಲಾಗಿ ಜೋಡಿಸಿಟ್ಟ ಗುಂಡನೆಯ ಗಾಜಿನ ತಟ್ಟೆಗಳು. ನಾನು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿಯುತ್ತೇನೆ. ನಿನ್ನ ಲ್ಯಾಬನ್ನು ನಾನು ಕಂಡೇ ಇಲ್ಲ. ಕಿಡ್ನಿಯ ಜೊತೆ ನಿನ್ನ ಕನಸೂ ಸಾಮಾನಿನೊಳಗೆ ಸೇರಿಕೊಂಡು ಬಂದಿದೆಯೋ ಏನೋ.

ಬಡಗಿಯ ಹೆಂಡತಿಗೆ ಈಗ ಏಳನೇ ತಿಂಗಳು. ಅವರು ಹೊಸದಾಗಿ ತಂದ ಬಿಳಿ ನಾಯಿಮರಿ, ಹೆಸರು ಉಂಡೆ, ನಿಜವಾಗಿಯೂ ಉಂಡೆಯಂತೆಯೇ ಇದೆ. ಟೆರೇಸಿನ ಮೇಲೆ ದೊರೆಯ ಮೂಗು ಕಚ್ಚಿಕೊಂಡು ಓಡಾಡುತ್ತದೆ.

ಡಬ್ಬಿ ಕಳಿಸಿದ್ದೇನೆ. ಒಳಗಿರುವುದು ದೊರೆಯದು. ಚೀಟಿಯ ಮೇಲೆ ಹೆಸರು ಬರೆದಿದ್ದೇನೆ. ಆಸ್ಪತ್ರೆಯಲ್ಲಿ ನಾವಾಡಿದ ಮಾತು ನನಗೆ ನೆನಪಿದೆ, ನಿನಗೂ ಇರಬಹುದು. ಅದನ್ನು ಇವತ್ತು ಬರೆಯುವುದಿಲ್ಲ.

ಅತ್ತಿಗೆ

*

ಫೆಬ್ರವರಿ ೧೬

ಪ್ರೀತಿಯ ಅತ್ತಿಗೆಗೆ,

ನಿಮ್ಮ ಕನಸನ್ನು ಎರಡು ಸಲ ಓದಿದೆ. ನಮ್ಮ ಕೋಣೆ ಹಾಗೆಯೇ ಇದೆ. ಕಿಟಕಿಗೆ ನೀಲಿ ಹಾಳೆ ಅಂಟಿಸಿದ್ದೇವೆ. ಮತ್ತೆ, ನನಗೆ ಒಂದೂವರೆ ವರ್ಷದಿಂದ ಕನಸೇ ಬಿದ್ದಿಲ್ಲ. ಕಣ್ಣು ಮುಚ್ಚಿದರೆ ಕತ್ತಲೆ, ತೆರೆದರೆ ಬೆಳಗು.

ಇನ್ನು ಬರೆಯಬೇಕಾದ್ದು ಬೇರೆ. ಕೂತುಕೊಂಡು ಓದಿ.

ದೊರೆಯ ಮಾದರಿಯನ್ನು ತಟ್ಟೆಯ ಮೇಲೆ ಹರಡಿ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟಿದ್ದೆವು. ಮರುದಿನ ಬೆಳಿಗ್ಗೆ ಗುಲಾಬಿ ಬಣ್ಣದ ಚುಕ್ಕೆಗಳು ಎದ್ದಿದ್ದವು. ಇ-ಕೋಲಿ ಎಂಬ ಬ್ಯಾಕ್ಟೀರಿಯಾ. ಎಲ್ಲ ಕರುಳಿನಲ್ಲೂ ಇರುವಂಥದ್ದೇ. ಆಮೇಲೆ ಅದರ ಮೇಲೆ ಔಷಧಿಯ ಸಣ್ಣ ಬಿಲ್ಲೆಗಳನ್ನು ಇಡುತ್ತೇವೆ. ಔಷಧಿಗೆ ಅದು ಹೆದರಿದರೆ ಬಿಲ್ಲೆಯ ಸುತ್ತ ಖಾಲಿ ಉಂಗುರ ಬೀಳುತ್ತದೆ. ಇಲ್ಲಿ ಆರು ಬಿಲ್ಲೆ ಇಟ್ಟೆ. ನಾಲ್ಕರ ಸುತ್ತ ಉಂಗುರವೇ ಇಲ್ಲ, ಬಿಲ್ಲೆಯನ್ನು ತಬ್ಬಿಕೊಂಡು ಬೆಳೆದಿದೆ.

ದೊರೆಗೆ ಇದರಿಂದ ಏನೂ ಆಗುವುದಿಲ್ಲ. ಅವನು ಹೀಗೆಯೇ ಬಾಲ ಅಲ್ಲಾಡಿಸಿಕೊಂಡಿರುತ್ತಾನೆ. ಆದರೆ ನಿಮಗೆ ಕೊಡುತ್ತಿರುವ ಔಷಧಿ, ದೇಹ ನನ್ನ ಕಿಡ್ನಿಯನ್ನು ಪರರದು ಎಂದು ಹೊರಗೆ ತಳ್ಳದಿರಲಿ ಎಂದು ದೇಹದ ಕಾವಲುಗಾರನನ್ನೇ ಮಲಗಿಸುವಂಥದ್ದು. ಅವನು ಮಲಗಿರುವಾಗ ಇಂಥದ್ದೊಂದು ನಿಮ್ಮ ರಕ್ತಕ್ಕೋ ಮೂತ್ರಕ್ಕೋ ಇಳಿದರೆ ಡಾಕ್ಟರ ಕೈಯಲ್ಲಿ ಉಳಿಯುವುದು ಎರಡೇ ಬಿಲ್ಲೆ.

ದೊರೆಯನ್ನು ಬೇರೆ ಕಡೆ ಇರಿಸಲೇಬೇಕು. ನನಗೆ ಗೊತ್ತಿರುವ ಒಂದು ತೋಟವಿದೆ, ಒಳ್ಳೆಯ ಜನ. ದಯವಿಟ್ಟು ಒಪ್ಪಿಕೊಳ್ಳಿ.

ಚಿಕ್ಕವನು

*

ಫೆಬ್ರವರಿ ೨೨

ಕಾಗದ ಸಿಕ್ಕಿತು. ಸ್ವಲ್ಪ ದಿನ ನನ್ನನ್ನು ಸುಮ್ಮನೆ ಬಿಡು.

ಅತ್ತಿಗೆ

*

ಮಾರ್ಚ್ ೪

ಪ್ರೀತಿಯ ಅತ್ತಿಗೆಗೆ,

ಹತ್ತು ದಿನವಾಯಿತು. ಫೋನೂ ಎತ್ತುತ್ತಿಲ್ಲ. ಬಡಗಿಗೆ ಫೋನು ಮಾಡಿದ್ದಕ್ಕೆ, "ಅಕ್ಕ ಚೆನ್ನಾಗೇ ಇದಾರೆ ಸಾರ್, ಯಾಕೋ ನನ್ ಮುಖ ಮಾತ್ರ ನೋಡ್ತಿಲ್ಲ" ಎಂದ.

ಇಪ್ಪತ್ತನೇ ತಾರೀಕು ನಮ್ಮ ಲ್ಯಾಬಿನ ವ್ಯಾನ್ ಡ್ರೈವರ್ ಬರುತ್ತಾರೆ, ಪಂಜರ ತರುತ್ತಾರೆ. ನಾಯಿಗಳನ್ನು ಕಂಡರೆ ಮಗುವಾಗುವ ಮನುಷ್ಯ. ದೊರೆಯ ಚಿಂದಿಯ ಹಾಸಿಗೆಯನ್ನೂ ಜೊತೆಗೆ ಕಳಿಸಿ, ಅವನಿಗೆ ಹೊಸ ಜಾಗ ಅನ್ನಿಸದಿರಲಿ.

ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಿ. ಪರವಾಗಿಲ್ಲ. ಅಣ್ಣನನ್ನು ಕಳೆದುಕೊಂಡಿದ್ದೇನೆ, ನಿಮ್ಮನ್ನೂ ಕಳೆದುಕೊಳ್ಳಲಾರೆ.

ಚಿಕ್ಕವನು

*

ಮಾರ್ಚ್ ೮

ಚಿಕ್ಕವನೇ,

ವ್ಯಾನು ಕಳಿಸಬೇಡ. ಡಬ್ಬಿಯಲ್ಲಿದ್ದದ್ದು ದೊರೆಯದಲ್ಲ. ಕೆಳಮನೆಯ ಉಂಡೆಯದು.

ನಾನೇ ಬಡಗಿಗೆ, "ನಿಮ್ಮ ಮರಿಯದು ಒಂದು ಚಮಚ ಕೊಡಪ್ಪಾ, ನಮ್ ಮೈದುನ ಪರೀಕ್ಷೆ ಮಾಡ್ತಾನಂತೆ" ಎಂದು ಹೇಳಿ ತೆಗೆಸಿದೆ. ಎಳೆಯ ಮರಿ, ಅದರ ಹೊಟ್ಟೆಯಲ್ಲಿ ಏನಿರುತ್ತದೆ ಎಂದುಕೊಂಡೆ. ನಿನ್ನ ತಟ್ಟೆಯಲ್ಲಿ ಏನೂ ಬೆಳೆಯದಿದ್ದರೆ ದೊರೆಯ ಸುದ್ದಿಗೆ ನೀನು ಮತ್ತೆ ಬರುವುದಿಲ್ಲ ಎಂಬ ಆಸೆ. ಆಸ್ಪತ್ರೆಯಲ್ಲಿ ನೀನು, "ಆ ನಾಯೀನ ಯಾರಿಗಾದ್ರೂ ಕೊಟ್ಬಿಡಿ ಅತ್ತಿಗೆ" ಎಂದೆ. ನಾನು, "ಕಿಡ್ನಿ ಕೊಟ್ಟೆ ಅಂತ ನನ್ನ ಮನೆಗೂ ಯಜಮಾನ ಆಗ್ಬೇಡ" ಎಂದೆ. ನಿನ್ನ ಹೊಲಿಗೆಯಿನ್ನೂ ಹಸಿಯಾಗಿತ್ತು, ನಾನು ಹಾಗೆ ಅಂದೆ. ಅವತ್ತಿನಿಂದ ನೀನು ಈ ಮನೆಯ ಮೆಟ್ಟಿಲು ಹತ್ತಿಲ್ಲ.

ನಿನ್ನ ಫೆಬ್ರವರಿಯ ಕಾಗದ ಓದಿದಾಗ ಮೊದಲು ನನಗೆ ಖುಷಿಯಾಯಿತು. ಅದನ್ನೂ ಬರೆದುಬಿಡುತ್ತೇನೆ. ನಮ್ಮ ದೊರೆಯದಲ್ಲವಲ್ಲ ಎಂದು ಅವನ ತಲೆ ಸವರಿದೆ. ಅಷ್ಟರಲ್ಲಿ ಕೆಳಗಿನಿಂದ ಸ್ಯಾಂಡ್‌ಪೇಪರ್ ಉಜ್ಜುವ ಸದ್ದು ಬಂತು. ಬಡಗಿ ತೊಟ್ಟಿಲು ಮಾಡುತ್ತಿದ್ದಾನೆ. ಕೈ ಅಲ್ಲೇ ನಿಂತುಹೋಯಿತು.

ಆಮೇಲೆ ದಿನಾ ಬೆಳಿಗ್ಗೆ ಅವನದು ಒಂದೇ ಪ್ರಶ್ನೆ, "ನಮ್ ಉಂಡೆ ಪಾಸಾಯ್ತಾ ಅಕ್ಕಾ?" ನಾನು ಇನ್ನೂ ಬಂದಿಲ್ಲ ಎನ್ನುತ್ತಿದ್ದೆ. ಉಂಡೆ ಅವನ ಹೆಂಡತಿಯ ಮಡಿಲಲ್ಲಿ ಮಲಗಿ ಅವಳ ಹೊಟ್ಟೆಗೆ ಕಿವಿ ಕೊಟ್ಟಿರುತ್ತಿತ್ತು. ದಿನಾ ನೋಡುತ್ತಿದ್ದೆ, ದಿನಾ ಬಾಯಿ ಮುಚ್ಚಿಕೊಂಡೆ. ಹೇಳಿದರೆ ನೀನು ದೊರೆಯದನ್ನೂ ಕೇಳುತ್ತೀಯ ಎಂಬ ಭಯ. ಎರಡು ವಾರ ಹೀಗೆ ಕಳೆದೆ. ನನ್ನಂಥ ಸ್ವಾರ್ಥಿ ಇನ್ನೊಬ್ಬಳಿಲ್ಲ.

ಅವರಿಗೆ ಏನು ಹೇಳಬೇಕು, ಹೇಗೆ ಹೇಳಬೇಕು, ಬರೆದು ಕಳಿಸು. ಹೇಳುವವಳು ನಾನೇ. ಆಮೇಲೆ ಇನ್ನೊಂದು ಡಬ್ಬಿಯನ್ನೂ ಕಳಿಸು.

ಅತ್ತಿಗೆ

*

ಮಾರ್ಚ್ ೧೩

ಪ್ರೀತಿಯ ಅತ್ತಿಗೆಗೆ,

ಬಡಗಿಯ ಮನೆಗೆ ಹೇಳಬೇಕಾದ್ದನ್ನು ಬರೆಯಲು ಕುಳಿತೆ. ಗಾಬರಿಪಡಬೇಕಾಗಿಲ್ಲ. ಇಂಥದ್ದು ಆರೋಗ್ಯವಂತ ನಾಯಿಗಳಲ್ಲಿ ಇರುವುದು ಅಪರೂಪವೇನಲ್ಲ. ಮರಿಯನ್ನು ಮುಟ್ಟಿದ ಮೇಲೆ, ಅದರ ಹೊಲಸು ತೆಗೆದ ಮೇಲೆ, ಅಡುಗೆಗೆ ಮುಂಚೆ, ಮಗುವನ್ನು ಎತ್ತಿಕೊಳ್ಳುವ ಮುಂಚೆ ಸೋಪು ಹಾಕಿ ಕೈ ತೊಳೆಯಬೇಕು. ಮಗುವಿನ ಮುಖ ನೆಕ್ಕಲು ಬಿಡಬಾರದು. ಹೆರಿಗೆಯ ಡಾಕ್ಟರಿಗೆ ವಿಷಯ ತಿಳಿಸಿರಬೇಕು. ಉಂಡೆಗೆ ಹಸಿ ಮಾಂಸದ ಚೂರು ಹಾಕುತ್ತಿದ್ದರೆ ಬೇಯಿಸಿ ಹಾಕಲಿ, ಎಷ್ಟೋ ಸಲ ಇದು ಅಲ್ಲಿಂದಲೇ ಬರುತ್ತದೆ. ಇಷ್ಟೇ. ನಾಯಿಯನ್ನು ಎಲ್ಲಿಗೂ ಕಳಿಸಬೇಕಾಗಿಲ್ಲ.

ಆ ಕೊನೆಯ ಸಾಲು ಬರೆದ ಮೇಲೆ ಪೆನ್ನು ಮುಂದಕ್ಕೆ ಹೋಗಲಿಲ್ಲ. ಪರರ ಮನೆಗೆ ಇಷ್ಟು ಸಮಾಧಾನವಾಗಿ ಬರೆದವನು ನಿಮ್ಮ ಮನೆಗೆ ಪಂಜರ ಕಳಿಸಲು ಹೊರಟಿದ್ದೆ. ನಿಮಗೆ ಅಪಾಯ ಅವರಿಗಿಂತ ಹೆಚ್ಚು, ನಿಜ. ಆದರೂ ನಿಮ್ಮ ಡಾಕ್ಟರನ್ನು ಕೇಳಬೇಕು ಎಂದೂ ನನಗೆ ಹೊಳೆಯಲಿಲ್ಲ. ಇಪ್ಪತ್ತು ವರ್ಷದ ಕೆಲಸ ಒಂದೇ ಹೆದರಿಕೆಗೆ ಮರೆತುಹೋಯಿತು.

ನೀವು ಒಪ್ಪಿಕೊಂಡಿರಿ, ನಾನೂ ಒಪ್ಪಿಕೊಳ್ಳುತ್ತೇನೆ. ಹನ್ನೊಂದು ನಾಯಿ ಕಡಿಮೆ ಬಿದ್ದಿರಲಿಲ್ಲ. ಇನ್ನೂರು ಎಂದೋ ತುಂಬಿತ್ತು. ನಿಮಗೆ ಬರೆಯಲು ಬೇರೆ ನೆಪ ಸಿಗಲಿಲ್ಲ.

ಡಬ್ಬಿ ಇಟ್ಟಿದ್ದೇನೆ. ಬಲವಂತವಿಲ್ಲ.

ಚಿಕ್ಕವನು

*

ಮಾರ್ಚ್ ೨೭

ಚಿಕ್ಕವನೇ,

ನೆಪಕ್ಕೆ ಮಲದ ಡಬ್ಬಿಯೇ ಸಿಕ್ಕಿತೇ ನಿನಗೆ? ಒಂದು ಮುಖವಸ್ತ್ರ, ಒಂದು ಬಾಚಣಿಗೆ, ಏನೂ ಕಾಣಲಿಲ್ಲವೇ? ಓದಿ ಒಬ್ಬಳೇ ನಕ್ಕೆ, ಆಮೇಲೆ ಅತ್ತೆ.

ಕೆಳಗೆ ಹೋಗಿ ಎಲ್ಲವನ್ನೂ ಹೇಳಿದೆ. ಬಡಗಿ ಉಂಡೆಯನ್ನು ಎತ್ತಿಕೊಂಡು ಟೆರೇಸಿಗೆ ಹೋದ. ನಾಲ್ಕು ದಿನ ಉಳಿಯ ಸದ್ದಿಲ್ಲ, ಸ್ಯಾಂಡ್‌ಪೇಪರಿನ ಸದ್ದಿಲ್ಲ. ಮನೆಯೆಲ್ಲ ನೀರಿನೊಳಗಿದ್ದ ಹಾಗಿತ್ತು. ಐದನೇ ದಿನ ಅವನ ಹೆಂಡತಿ ಮೆಲ್ಲಗೆ ಮೆಟ್ಟಿಲು ಹತ್ತಿ ಬಂದು ಪರದೆಯ ಗುಡ್ಡೆಯ ಮೇಲೆ ಕೂತಳು. "ಹೇಳಿದ್ರಲ್ಲ ಅಕ್ಕ, ಒಳ್ಳೇದಾಯ್ತು. ಆದ್ರೆ ಇಷ್ಟು ದಿನ ಯಾಕೆ ತಡ ಮಾಡಿದ್ರಿ?" ಎಂದು ಕೇಳಿದಳು. ಮಖಮಲ್ಲನ್ನು ಒಮ್ಮೆ ಸವರಿ, ಉತ್ತರಕ್ಕೆ ಕಾಯದೆ ಎದ್ದು ಹೋದಳು. ಸಂಜೆ ಉಂಡೆ ಒಳಗೆ ಬಂತು.

ಮಾಂಸದಂಗಡಿಯವನು ಕೊಡುವ ಹಸಿ ಚೂರುಗಳನ್ನು ಬಡಗಿ ಎರಡು ಪಾಲು ಮಾಡುತ್ತಿದ್ದನಂತೆ. ಒಂದು ಉಂಡೆಗೆ, ಒಂದು ನಮ್ಮ ದೊರೆಗೆ. ನನಗೆ ಗೊತ್ತೇ ಇರಲಿಲ್ಲ. ಈಗ ಬೇಯಿಸುತ್ತಾನೆ. ಮೆಟ್ಟಿಲ ಬುಡದಲ್ಲಿ ಒಂದು ಮರದ ಸ್ಟ್ಯಾಂಡ್ ಮಾಡಿ, ಬೇಸಿನ್ ಕೂರಿಸಿ, ನಲ್ಲಿ ಎಳೆದಿದ್ದಾನೆ. ನಾನು ಕೇಳಿರಲಿಲ್ಲ. ಇನ್ನೂ ಮುಖ ಕೊಟ್ಟು ಮಾತಾಡುವುದಿಲ್ಲ, ಆದರೆ ದೊರೆಯ ಹೊಲಸು ತೆಗೆಯುವುದು ಅವನೇ.

ಡಾಕ್ಟರನ್ನೂ ಕೇಳಿದೆ. ನಾಯಿ ಇರಲಿ, ಹಾಸಿಗೆಗೆ ಬೇಡ, ಕೈ ತೊಳೆಯುವುದು ಮರೆಯಬೇಡಿ, ಜ್ವರ ಬಂದರೆ ಅದೇ ದಿನ ಬನ್ನಿ, ಬಂದವರೇ ಮೊದಲು ಈ ವಿಷಯ ಹೇಳಿ ಎಂದರು. ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಂಡರು.

ಈ ಡಬ್ಬಿಯಲ್ಲಿರುವುದು ದೊರೆಯದೇ. ಬಡಗಿ ಸಾಕ್ಷಿ.

ಒಂದು ಕೇಳುತ್ತೇನೆ. ನಾಯಿಯನ್ನು ಕರೆದೊಯ್ಯಲು ಡ್ರೈವರನ್ನು ಕಳಿಸುತ್ತೇನೆ ಎಂದೆ. ನೀನೇ ಬರುತ್ತೇನೆ ಎನ್ನಲಿಲ್ಲ. ನನ್ನ ಆ ಮಾತು ಇನ್ನೂ ಅಷ್ಟು ನೋಯುತ್ತಿದೆಯಾ?

ಅತ್ತಿಗೆ

*

ಏಪ್ರಿಲ್ ೧೨

ಪ್ರೀತಿಯ ಅತ್ತಿಗೆಗೆ,

ದೊರೆಯಲ್ಲೂ ಇದೆ. ಅದೇ ಗುಲಾಬಿ ಚುಕ್ಕೆ, ಅದೇ ನಾಲ್ಕು ಬಿಲ್ಲೆ.

ನಿಮ್ಮ ಮಾತಿನಿಂದ ನೋವಾಗಿತ್ತು, ಸುಳ್ಳು ಹೇಳುವುದಿಲ್ಲ. ಆಸ್ಪತ್ರೆಯಿಂದ ಹೊರಟು ಬಸ್ಸು ಹತ್ತುವ ಹೊತ್ತಿಗೆ ಅದು ಮರೆತುಹೋಯಿತು. ನೀವು ಹಾಗೆ ಬೈಯದಿದ್ದರೆ ನೀವು ಹುಷಾರಾಗಿಲ್ಲವೆಂದು ಹೆದರುತ್ತಿದ್ದೆ. ನಾನು ಬರದಿದ್ದುದು ಅದಕ್ಕಲ್ಲ.

ಆಪರೇಷನ್ ಆಗಿ ಕೆಲಸಕ್ಕೆ ಮರಳಿದ ಮೊದಲ ದಿನ ಒಂದು ತಟ್ಟೆ ಎತ್ತಿ ಬೆಳಕಿಗೆ ಹಿಡಿದೆ. ಯಾವುದೋ ಒಂದು ನಾಯಿ, ತುಂಬ ಚುಕ್ಕೆಗಳು. ದಿನವಿಡೀ ಇವುಗಳ ನಡುವೆ ಇರುವ ಈ ಕೈಯಿಂದ ನಿಮ್ಮ ಬಾಗಿಲು ತಟ್ಟುವುದು ಹೇಗೆ ಅನ್ನಿಸಿತು. ಕೈಗವಸು ಹಾಕುತ್ತೇನೆ, ತೊಳೆಯುತ್ತೇನೆ, ಎಲ್ಲ ಗೊತ್ತು. ಗೊತ್ತಿದ್ದರೂ ಕಾಲು ಬರಲಿಲ್ಲ. ನಾನು ಕೊಟ್ಟದ್ದನ್ನು ನಾನೇ ಕೆಡಿಸಿಬಿಟ್ಟರೆ? ನಾಯಿಯನ್ನು ಕಳಿಸಿ ಎಂದದ್ದೂ ಈ ಹೆದರಿಕೆಗೇ. ನಾನೇ ದೂರವಿದ್ದೇನೆ, ಅದೂ ದೂರವಿರಲಿ ಎಂಬ ಹೊಟ್ಟೆಕಿಚ್ಚೂ ಒಂದು ಚೂರು ಇತ್ತು.

ಈ ಸಲ ದೊರೆಯ ತಟ್ಟೆಯ ಪಕ್ಕದಲ್ಲಿ ನನ್ನದೂ ಒಂದು ಇಟ್ಟೆ. ಹೌದು, ನನ್ನದೇ. ನನ್ನಲ್ಲೂ ಇದೆ, ಅತ್ತಿಗೆ. ಎಂದಿನಿಂದ, ಎಲ್ಲಿಂದ, ಗೊತ್ತಿಲ್ಲ. ಗಟ್ಟಿಮುಟ್ಟಾಗಿದ್ದೇನೆ, ಚೆನ್ನಾಗಿ ಉಣ್ಣುತ್ತೇನೆ.

ಎರಡು ತಟ್ಟೆಗಳನ್ನೂ ಕಿಟಕಿಗೆ ಹಿಡಿದು ನೋಡಿದೆ. ಯಾವುದು ನಾಯಿ, ಯಾವುದು ಮನುಷ್ಯ ಎಂದು ಚೀಟಿ ನೋಡಿಯೇ ಹೇಳಬೇಕಿತ್ತು.

ಇನ್ನು ಬರುವ ಮಾತೇ ಇಲ್ಲವಲ್ಲ. ದೊರೆಯನ್ನು ಚೆನ್ನಾಗಿ ನೋಡಿಕೊಳ್ಳಿ.

ಚಿಕ್ಕವನು

*

ಏಪ್ರಿಲ್ ೧೮

ಚಿಕ್ಕವನೇ,

ಇಷ್ಟು ಓದಿದವನು ಇಷ್ಟು ಪೆದ್ದನಾಗಲು ಹೇಗೆ ಸಾಧ್ಯ?

ದೊರೆಯ ಹೊಟ್ಟೆಯಲ್ಲಿ ಅವರು ಎಷ್ಟು ದಿನದಿಂದ ಇದ್ದಾರೋ. ಅಷ್ಟೂ ದಿನ ಅವನು ನನ್ನ ಕಾಲ ಮೇಲೆ ಗದ್ದ ಇಟ್ಟು ಮಲಗಿದ್ದಾನೆ, ಯಾವ ಸೋಪೂ ಇರಲಿಲ್ಲ, ಬೇಸಿನ್ನೂ ಇರಲಿಲ್ಲ. ನನ್ನ ಪುಣ್ಯ, ಏನೂ ಆಗಲಿಲ್ಲ. ಈಗ ಗೊತ್ತಾಗಿದೆ, ತೊಳೆಯುತ್ತೇನೆ. ನಾಯಿಗೆ ಹೇಳುವ ನಿಯಮ ಮೈದುನನಿಗೂ ಸಾಕು ಎಂದು ಡಾಕ್ಟರು ಹೇಳಿದರು. ಕೇಳಿಯೇ ಬಂದೆ. ಅವರೂ ನಕ್ಕರು.

ನಿನ್ನನ್ನು ಹೊರಗಿಡಬೇಕೆಂದರೆ ನನ್ನ ಹೊಟ್ಟೆ ಸೀಳಿ ಕಿಡ್ನಿಯನ್ನೂ ಹೊರಗಿಡಬೇಕು. ಅದಂತೂ ಎರಡು ವರ್ಷವಾಗುತ್ತಾ ಬಂತು, ಒಳಗೇ ಕೂತು ಕೆಲಸ ಮಾಡುತ್ತಿದೆ. ನನ್ನ ಮೈಗೆ ಗೊತ್ತಾಗದ ಹಾಗೆ ಅದನ್ನು ದಿನಕ್ಕೆರಡು ಸಲ ಔಷಧಿ ಕೊಟ್ಟು ಸಾಕುತ್ತಿದ್ದೇನೆ. ಅದರ ಯಜಮಾನ ಬಾಗಿಲಲ್ಲಿ ನಿಂತು ಕೈ ತೊಳೆದು ಒಳಗೆ ಬರಲಾರನೇ?

ಬಡಗಿಯ ಹೆಂಡತಿಗೆ ಹೆಣ್ಣುಮಗು. ಇಬ್ಬರೂ ಆರಾಮ. ಬಡಗಿ ಮೊನ್ನೆ ಮಗುವನ್ನು ತೋರಿಸಲು ಮೇಲೆ ಬಂದ. ಬರುವ ಮುಂಚೆ ಕೆಳಗೆ ನಲ್ಲಿ ತಿರುಗಿದ ಸದ್ದು ಕೇಳಿಸಿತು. ಈಗ ದೊರೆ ಆ ಸದ್ದಿಗೇ ಎದ್ದು ಬಾಗಿಲಿಗೆ ಹೋಗುತ್ತಾನೆ. ನಲ್ಲಿ ತಿರುಗಿತು ಎಂದರೆ ಯಾರೋ ಬಂದರು ಎಂದು ಕಲಿತಿದ್ದಾನೆ.

ನೀನು ಬಾ.

ಅತ್ತಿಗೆ

*

ಏಪ್ರಿಲ್ ೨೬

ಅತ್ತಿಗೆ,

ಮೇ ನಾಲ್ಕರ ಬೆಳಗಿನ ಬಸ್ಸಿಗೆ ಬರುತ್ತೇನೆ. ಸೋಪು ನಾನೇ ತರುತ್ತೇನೆ.

ಚಿಕ್ಕವನು

*

ಮೇ ೧೦

ಚಿಕ್ಕವನಿಗೆ ಆಶೀರ್ವಾದ.

ನೀನು ತಂದ ಸೋಪು ಆಗಲೇ ಅರ್ಧ ಸವೆದಿದೆ.

ಅವತ್ತು ನಲ್ಲಿಯ ಸದ್ದು ಕೇಳಿ ದೊರೆಯೂ ನಾನೂ ಬಾಗಿಲಿಗೆ ಬಂದು ನಿಂತಿದ್ದೆವು. ಸದ್ದು ನಿಲ್ಲಲೇ ಇಲ್ಲ. ಎಷ್ಟು ಹೊತ್ತು ತೊಳೆದೆಯೋ! ಬಡಗಿ ಕೊನೆಗೆ, "ಸಾರ್, ಟ್ಯಾಂಕ್ ಖಾಲಿ ಆಗುತ್ತೆ" ಎಂದದ್ದು ಮೇಲಿನವರೆಗೂ ಕೇಳಿಸಿತು. ನೀನು ಮೆಟ್ಟಿಲು ಹತ್ತಿ ಬಂದು ಒದ್ದೆ ಕೈಗಳನ್ನು ಮುಂದೆ ಹಿಡಿದುಕೊಂಡು ನಿಂತಾಗ ನಾನು ಏನೋ ಹೇಳಬೇಕೆಂದಿದ್ದೆ. ಕ್ಷಮಿಸು ಎನ್ನಬೇಕೆಂದಿದ್ದೆ. ಟವೆಲು ಕೊಟ್ಟೆ. ಆಗ ಬಾಯಿಗೆ ಬರದಿದ್ದ ಮಾತನ್ನು ಈಗ ಬರೆಯುತ್ತಿದ್ದೇನೆ. ಕ್ಷಮಿಸು.

ಊಟವಾದ ಮೇಲೆ ನೀನು ಕತ್ತರಿಸುವ ಕೋಣೆಯಲ್ಲಿ ಮಖಮಲ್ಲಿನ ಮೇಲೆ ಒರಗಿದವನು ಹಾಗೆಯೇ ನಿದ್ದೆ ಹೋದೆ. ನಾನು ಕತ್ತರಿ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ದೊರೆ ಏಳುತ್ತಾನಲ್ಲ. ಆದರೂ ಅವನು ಚಿಂದಿಯ ಗುಡ್ಡೆಯಿಂದ ಎದ್ದು ಬಂದು ನಿನ್ನ ಎಡಗಡೆ, ಹೊಲಿಗೆಯಿರುವ ಕಡೆ, ಬೆನ್ನು ತಾಗಿಸಿ ಮಲಗಿದ. ಪರದೆಯ ನೀಲಿ ಇಬ್ಬರ ಮೇಲೂ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ಅವನ ಕಾಲು ನಿದ್ದೆಯಲ್ಲಿ ಓಡಲು ಶುರುವಾಯಿತು, ನಿನ್ನ ಕಣ್ಣುಗಳೂ ರೆಪ್ಪೆಯೊಳಗೆ ಓಡಾಡತೊಡಗಿದವು. ಕನಸು ಬೀಳುತ್ತಿದೆ ಎಂದು ನನಗೆ ಗೊತ್ತಾಯಿತು.

ಅವತ್ತಿನಿಂದ ನನಗೆ ನಿನ್ನ ನೀಲಿ ಕೋಣೆ ಕಾಣಿಸಿಲ್ಲ. ವಾಪಸ್ಸು ತೆಗೆದುಕೊಂಡು ಹೋಗಿದ್ದೀಯ. ತೆಗೆದುಕೊಂಡು ಹೋಗು, ನಿನ್ನದೇ ತಾನೆ. ಕಿಡ್ನಿಯನ್ನು ಮಾತ್ರ ಕೇಳಬೇಡ, ಅದು ಈಗ ಈ ಮನೆಯದು.

ಲಕೋಟೆಯ ತಳದಲ್ಲಿ ತಡಕಿ ನೋಡು, ಬಾಗಿಲಿನ ಬೀಗದ ಕೈ ಇದೆ. ನಿನ್ನ ಅಣ್ಣ ಇಟ್ಟುಕೊಳ್ಳುತ್ತಿದ್ದದ್ದು. ಕೈ ತೊಳೆದುಕೊಂಡು ನೀನೇ ಬಾಗಿಲು ತೆರೆದು ಒಳಗೆ ಬಾ.

ಅತ್ತಿಗೆ